ಇನ್ನೊಬ್ಬರ ಗುಣ, ನಮ್ಮ ಯೋಗ್ಯತೆ: ಎರಡನ್ನೂ ನ್ಯಾಯವಾಗಿ ಅಳೆಯುವ ಬಗೆ

ಮೈಸೂರಿನಲ್ಲಿ ಮನೆಯನ್ನು ಬಾಡಿಗೆಗೆ ಕೊಡುವವರು, ಮಂಡ್ಯದ ಹಳ್ಳಿಗಳಲ್ಲಿ ಚೀಟಿ ನಡೆಸುವವರು, ಆಲೆಮನೆಗೆ ಆಳುಗಳನ್ನು ಕರೆತರುವ ಮೇಸ್ತ್ರಿಗೆ ಮುಂಗಡ ಕೊಡುವವರು, ಮಗಳಿಗೆ ಗಂಡು ಹುಡುಕುವವರು, ಇವರೆಲ್ಲರೂ ಪರಿಚಿತರನ್ನು ಕೇಳುವ ಪ್ರಶ್ನೆ ಒಂದೇ: ‘ಜನ ಹೇಗೆ?’ ಉತ್ತರವೂ ಬಹಳ ಸಲ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ‘ತುಂಬಾ ಒಳ್ಳೆಯವರು’ ಎನ್ನುತ್ತಾರೆ, ಇಲ್ಲವೇ ‘ಅಷ್ಟು ಸರಿಯಿಲ್ಲ ಬಿಡಿ’ ಎನ್ನುತ್ತಾರೆ. ಆ ಒಂದು ಮಾತಿನ ಮೇಲೆ ಒಂದು ಕುಟುಂಬದ ಉಳಿತಾಯ, ಒಂದು ಮದುವೆ, ಒಬ್ಬರ ಮಾನ ನಿಂತಿರುತ್ತದೆ. ಪರೀಕ್ಷೆಯಲ್ಲಿ ನಪಾಸಾದಾಗ ಅಥವಾ ನೋಡಿದ ಸಂಬಂಧ ಕೈತಪ್ಪಿದಾಗ ‘ನಾನು ಯಾವುದಕ್ಕೂ ಬಾರದವನು’ ಎಂದುಕೊಳ್ಳುವಾಗಲೂ ನಾವು ಅಂಥದೇ ಒಂದು ಮಾತನ್ನು ನಮ್ಮ ಮೇಲೆ ಹೇರಿಕೊಳ್ಳುತ್ತೇವೆ. ಇಡೀ ಮನುಷ್ಯನಿಗೆ ಒಂದೇ ಅಂಕ ಹಾಕುವ ಈ ಅಭ್ಯಾಸವೇ ಎರಡೂ ಕಡೆಯ ತಪ್ಪಿನ ಮೂಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಬಿಟ್ಟು ಅಳೆಯುವುದು ಹೇಗೆಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸುತ್ತೇನೆ.

ಮೊದಲು ಪ್ರಶ್ನೆಯನ್ನು ಕಿರಿದು ಮಾಡಿಕೊಳ್ಳಿ

ಒಬ್ಬರ ಬಗ್ಗೆ ವಿಚಾರಿಸುವ ಮೊದಲು, ಯಾವ ಕೆಲಸಕ್ಕಾಗಿ ಈ ತೀರ್ಮಾನ ಬೇಕಾಗಿದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಚೀಟಿಗೆ ಒಬ್ಬರನ್ನು ಸೇರಿಸಿಕೊಳ್ಳುವಾಗ ಅವರು ಒಳ್ಳೆಯ ಮನುಷ್ಯರೇ ಎಂದು ತಿಳಿಯಬೇಕಾಗಿಲ್ಲ. ಚೀಟಿ ಎತ್ತಿದ ಮೇಲೂ ಕಂತು ಕಟ್ಟುತ್ತಾರೆಯೇ ಎಂಬುದಷ್ಟೇ ತಿಳಿಯಬೇಕು. ಚೀಟಿ ಎತ್ತುವವರೆಗೆ ಕಂತು ಕಟ್ಟುವುದರಲ್ಲಿ ಅವರದೇ ಲಾಭವಿರುವುದರಿಂದ ಆ ಅವಧಿಯ ಶಿಸ್ತಿನಿಂದ ನಮಗೆ ತಿಳಿಯುವುದು ಬಹಳ ಕಡಿಮೆ. ದುಡ್ಡು ಕೈಗೆ ಬಂದು, ಕೊಡುವ ಹೊಣೆ ಮಾತ್ರ ಉಳಿದಿರುವ ತಿಂಗಳುಗಳಲ್ಲಿ ಅವರು ಹಿಂದೆ ಹೇಗೆ ನಡೆದುಕೊಂಡಿದ್ದಾರೆ ಎಂಬುದನ್ನು ಹಿಂದಿನ ಚೀಟಿಯವರಿಂದ ಕೇಳಿ ತಿಳಿದರೆ ಅದೊಂದೇ ಸಂಗತಿ ಹತ್ತು ಜನರ ಹೊಗಳಿಕೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಾಡಿಗೆದಾರರ ವಿಷಯದಲ್ಲಿಯೂ ಹೀಗೆಯೇ. ತಿಂಗಳ ಬಾಡಿಗೆ ಸರಿಯಾಗಿ ಬರುತ್ತದೆಯೇ, ಮನೆಯನ್ನು ಹಾಳುಮಾಡದೆ ಇಟ್ಟುಕೊಳ್ಳುತ್ತಾರೆಯೇ ಎಂಬ ಎರಡೇ ಪ್ರಶ್ನೆ ಮನೆಯ ಮಾಲೀಕರಿಗೆ ಸಂಬಂಧಿಸಿದವು. ‘ನೀವು ಯಾವ ಜನ?’ ಎಂದು ಜಾತಿಯನ್ನು ಕೇಳುವವರು ಈ ಎರಡಕ್ಕೂ ಉತ್ತರ ಪಡೆಯುವುದಿಲ್ಲ. ಅವರು ಒಬ್ಬರ ನಡತೆಯನ್ನು ವಿಚಾರಿಸಿದಂತೆ ಕಂಡರೂ ವಾಸ್ತವದಲ್ಲಿ ವಿಚಾರಣೆಯನ್ನೇ ಕೈಬಿಟ್ಟು, ಹಳೆಯ ಅನ್ಯಾಯವೊಂದನ್ನು ಮುಂದುವರಿಸುತ್ತಿರುತ್ತಾರೆ.

ಪ್ರಶ್ನೆಯನ್ನು ಕಿರಿದು ಮಾಡುವುದಕ್ಕೆ ಇನ್ನೂ ಒಂದು ಕಾರಣವಿದೆ. ಒಂದು ಗುಣವನ್ನು ಮೆಚ್ಚಿದ ಮನಸ್ಸು ಉಳಿದ ಗುಣಗಳನ್ನೂ ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನೋವಿಜ್ಞಾನಿ 1920ರಲ್ಲಿ ಇದನ್ನು ತೋರಿಸಿದರು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ಶೀಲಗಳಿಗೆ ಬೇರೆ ಬೇರೆಯಾಗಿ ಅಂಕ ಕೊಡಬೇಕಾಗಿತ್ತು. ಆದರೆ ಒಂದರಲ್ಲಿ ಹೆಚ್ಚು ಪಡೆದವನಿಗೆ ಎಲ್ಲದರಲ್ಲಿಯೂ ಹೆಚ್ಚು, ಒಂದರಲ್ಲಿ ಕಡಿಮೆ ಪಡೆದವನಿಗೆ ಎಲ್ಲದರಲ್ಲಿಯೂ ಕಡಿಮೆ ಎಂಬಂತೆ ಆ ಅಂಕಗಳು ನಂಬಲಾಗದಷ್ಟು ಒಟ್ಟೊಟ್ಟಿಗೆ ಏರಿ ಇಳಿಯುತ್ತಿದ್ದವು. 1946ರಲ್ಲಿ ಸಾಲೊಮನ್ ಆಶ್ ನಡೆಸಿದ ಪ್ರಯೋಗ ಇನ್ನೂ ಸರಳವಾದುದು. ಬುದ್ಧಿವಂತ, ಕುಶಲ, ಶ್ರಮಜೀವಿ ಮುಂತಾದ ಕೆಲವು ವಿಶೇಷಣಗಳ ಪಟ್ಟಿಯನ್ನು ಎರಡು ಗುಂಪುಗಳಿಗೆ ಓದಿ ಹೇಳಿ, ಒಂದು ಗುಂಪಿಗೆ ಆ ವ್ಯಕ್ತಿ ಆತ್ಮೀಯ ಎಂದೂ ಇನ್ನೊಂದಕ್ಕೆ ಅದೇ ಜಾಗದಲ್ಲಿ ನಿರ್ಭಾವದವನು ಎಂದೂ ಬದಲಿಸಿದರು. ಆ ಒಂದು ವಿಶೇಷಣ ಬದಲಾದದ್ದರಿಂದಲೇ ಆತ ಉದಾರಿಯೇ, ಸಂತೋಷದ ಸ್ವಭಾವದವನೇ ಎಂಬ, ಪಟ್ಟಿಯಲ್ಲಿ ಇಲ್ಲವೇ ಇಲ್ಲದ ಸಂಗತಿಗಳ ಬಗೆಗೂ ಎರಡು ಗುಂಪುಗಳ ಅಭಿಪ್ರಾಯ ಬೇರೆಯಾಯಿತು. ಬಾಗಿಲಲ್ಲಿ ನಗುತ್ತಾ ಬರಮಾಡಿಕೊಂಡು ಕಾಫಿ ಕೊಟ್ಟವರನ್ನು ನಾವು ಲೆಕ್ಕಪತ್ರದಲ್ಲಿಯೂ ಪ್ರಾಮಾಣಿಕರೆಂದು ಭಾವಿಸುವುದು, ಮಾತು ಕಡಿಮೆಯಿರುವ ವರನನ್ನು ಅಹಂಕಾರಿಯೆಂದು ತಳ್ಳಿಹಾಕುವುದು, ಎರಡೂ ಇದೇ ಬಗೆಯ ತಪ್ಪುಗಳು.

ಒತ್ತಡವನ್ನು ಲೆಕ್ಕಕ್ಕೆ ಹಿಡಿಯಿರಿ

ಎರಡನೆಯ ಕೆಲಸ ಇದಕ್ಕಿಂತ ಕಷ್ಟದ್ದು. ಒಬ್ಬರು ಮಾಡಿದ್ದನ್ನು ನೋಡಿದ ಕೂಡಲೇ ಅದನ್ನು ಅವರ ಸ್ವಭಾವದ ಮೇಲೆ ಹೊರಿಸುವ ಬದಲು, ಅವರು ನಿಂತಿದ್ದ ಜಾಗ ಎಂಥದೆಂದು ಮೊದಲು ನೋಡಬೇಕು. ಜೋನ್ಸ್ ಮತ್ತು ಹ್ಯಾರಿಸ್ ಎಂಬ ಸಂಶೋಧಕರು 1967ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೊ ಪರವಾಗಿ ಬರೆದ ಪ್ರಬಂಧವನ್ನು ಓದಿದವರಿಗೆ, ಪರವಾಗಿ ಬರೆಯಬೇಕೆಂದು ಬರೆದವನಿಗೆ ಮೊದಲೇ ಗೊತ್ತುಪಡಿಸಲಾಗಿತ್ತು ಎಂದು ತಿಳಿಸಿದರೂ, ಬರೆದವನಿಗೆ ಒಳಗಿನಿಂದಲೇ ಆ ಒಲವಿರಬೇಕು ಎಂದು ಆ ಓದುಗರು ಊಹಿಸಿದರು. ಲೀ ರಾಸ್ 1977ರಲ್ಲಿ ಈ ಪ್ರವೃತ್ತಿಗೆ ಕಾರಣ ಹೊರಿಸುವಲ್ಲಿನ ಮೂಲಭೂತ ದೋಷವೆಂದು ಹೆಸರಿಟ್ಟರು.

ಪ್ರಿನ್ಸ್‌ಟನ್ನಿನ ಧರ್ಮಶಾಸ್ತ್ರ ವಿದ್ಯಾರ್ಥಿಗಳ ಮೇಲೆ ಡಾರ್ಲಿ ಮತ್ತು ಬ್ಯಾಟ್ಸನ್ ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಪದೇ ಪದೇ ನೆನಪಿಸಿಕೊಳ್ಳುತ್ತೇನೆ. ಪಾದ್ರಿಗಳಾಗಲು ಓದುತ್ತಿದ್ದ 40 ಯುವಕರು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಭಾಷಣ ಮಾಡಬೇಕಾಗಿತ್ತು; ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕುಳಿತು ಕೆಮ್ಮುತ್ತಾ ನರಳುತ್ತಿದ್ದ. ಸಾಕಷ್ಟು ಸಮಯವಿದೆ ಎಂದು ತಿಳಿಸಿ ಕಳುಹಿಸಿದವರಲ್ಲಿ ಶೇ. 63 ಮಂದಿ ನೆರವಿಗೆ ನಿಂತರು, ತುಂಬ ತಡವಾಗಿದೆ ಎಂದು ಅವಸರಪಡಿಸಿ ಕಳುಹಿಸಿದವರಲ್ಲಿ ಶೇ. 10 ಮಂದಿ ಮಾತ್ರ ನಿಂತರು. ಅವರಲ್ಲಿ ಕೆಲವರು ದಾರಿಯಲ್ಲಿ ಬಿದ್ದವನಿಗೆ ನೆರವಾದ, ಬೈಬಲ್ಲಿನ ಸಮಾರ್ಯದವನ ಕಥೆಯ ಬಗೆಗೇ ಮಾತನಾಡಲು ಹೊರಟಿದ್ದರು. ಅವಸರದಲ್ಲಿದ್ದವರೆಲ್ಲ ಕಲ್ಲುಹೃದಯದವರು, ಬಿಡುವಿದ್ದವರೆಲ್ಲ ದಯಾಳುಗಳು ಎಂದು ಹೇಳಲು ಬರುವುದಿಲ್ಲ, ಏಕೆಂದರೆ ಯಾರಿಗೆ ಅವಸರ, ಯಾರಿಗೆ ಬಿಡುವು ಎಂಬುದನ್ನು ನಿರ್ಧರಿಸಿದ್ದು ಸಂಶೋಧಕರು.

ನಮ್ಮ ಭಾಗದವರಿಗೆ ಇದರಲ್ಲಿ ಒಂದು ವಿಶೇಷವಾದ ಸಂಬಂಧವಿದೆ. ಜೋನ್ ಮಿಲ್ಲರ್ ಎಂಬ ಅಮೆರಿಕದ ಮನೋವಿಜ್ಞಾನಿ ಶಿಕಾಗೊದವರನ್ನೂ ಮೈಸೂರಿನ ಹಿಂದೂಗಳನ್ನೂ ಹೋಲಿಸಿದ ಅಧ್ಯಯನವೊಂದನ್ನು 1984ರಲ್ಲಿ ಪ್ರಕಟಿಸಿದರು. ತಮಗೆ ಗೊತ್ತಿರುವವರು ಮಾಡಿದ ಒಳಿತು ಕೆಡುಕುಗಳಿಗೆ ಕಾರಣ ಕೊಡಿ ಎಂದಾಗ ಅಮೆರಿಕದ ವಯಸ್ಕರು ಹೆಚ್ಚಾಗಿ ಆ ವ್ಯಕ್ತಿಯ ಸ್ವಭಾವವನ್ನು ಹೇಳಿದರು, ಮೈಸೂರಿನ ವಯಸ್ಕರು ಹೆಚ್ಚಾಗಿ ಅವರ ಹೊಣೆ, ಸಂಬಂಧ, ಸನ್ನಿವೇಶಗಳನ್ನು ಹೇಳಿದರು. ಎಂಟು ವರ್ಷದ ಮಕ್ಕಳಲ್ಲಿ ಈ ವ್ಯತ್ಯಾಸ ಹೆಚ್ಚೇನೂ ಇರಲಿಲ್ಲ. ವಯಸ್ಸಾದಂತೆ ಅದು ಬೆಳೆಯಿತು. ‘ಅವರ ಮನೆಯ ಪರಿಸ್ಥಿತಿ ಹಾಗಿತ್ತು, ಪಾಪ, ಅವರು ತಾನೆ ಏನು ಮಾಡಿಯಾರು’ ಎಂದು ನಮ್ಮ ಹಿರಿಯರು ಹೇಳುವಾಗ ಅವರು ತಪ್ಪನ್ನು ಮುಚ್ಚಿಹಾಕುತ್ತಿದ್ದಾರೆ ಎಂದು ಸಿಡುಕುವವರು ಈ ಅಧ್ಯಯನವನ್ನು ನೆನೆಯಬೇಕು. ಬಹಳ ಸಲ ಅವರು ವಿಚಾರದ ಅರ್ಧಭಾಗವನ್ನು ಸರಿಯಾಗಿಯೇ ಮಾಡಿರುತ್ತಾರೆ, ಮತ್ತು ಅದು ನಾವು ಉಳಿಸಿಕೊಳ್ಳಬೇಕಾದ ಅಭ್ಯಾಸ.

ಆದ್ದರಿಂದ ಒಬ್ಬರ ನಡೆ ನಿಮಗೆ ಕೆಟ್ಟದಾಗಿ ಕಂಡಾಗ ಮೊದಲು ಆ ಜಾಗದಲ್ಲಿ ಬೇರೆ ಹತ್ತು ಜನರಿದ್ದರೆ ಎಷ್ಟು ಮಂದಿ ಹೀಗೆಯೇ ಮಾಡುತ್ತಿದ್ದರು ಎಂದು ಕೇಳಿಕೊಳ್ಳಿ. ಎಂಟೊಂಬತ್ತು ಮಂದಿ ಎಂದು ನಿಮಗೆ ಅನ್ನಿಸಿದರೆ ಆ ನಡೆಯಿಂದ ಅವರ ಗುಣದ ಬಗ್ಗೆ ಏನೂ ತಿಳಿದಂತಾಗಲಿಲ್ಲ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೂರಾರು ಜನರ ಅರ್ಜಿ ನೋಡಿ ಸಾಕಾದ ಗುಮಾಸ್ತರು ಗದರಿದರೆ ಅದು ಬೇಸರ ತರುವ ಸಂಗತಿಯೇ ಹೌದು, ಆದರೆ ಅವರು ಕ್ರೂರಿಗಳೆಂಬುದಕ್ಕೆ ಅದು ಸಾಕ್ಷ್ಯವಲ್ಲ. ಬೇರೆಯಾಗಿ ನಡೆದುಕೊಂಡಿದ್ದರೆ ಅವರಿಗೆ ಎಷ್ಟು ನಷ್ಟವಾಗುತ್ತಿತ್ತು ಎಂಬುದನ್ನೂ ಕೇಳಿಕೊಳ್ಳಬೇಕು. ಹೆಚ್ಚು ನಷ್ಟವಿದ್ದರೂ ಸರಿಯಾಗಿ ನಡೆದವರು, ನಷ್ಟವೇನೂ ಇಲ್ಲದಿದ್ದರೂ ತಪ್ಪಾಗಿ ನಡೆದವರು, ಈ ಎರಡು ಬಗೆಯವರಲ್ಲಿ ಗುಣ ಸ್ಪಷ್ಟವಾಗಿ ಕಾಣುತ್ತದೆ.

ಗುಣವಿದೆ, ಸಂದರ್ಭದೊಡನೆ ಇದೆ

ಇಷ್ಟು ಓದಿದವರಿಗೆ, ಎಲ್ಲವೂ ಸಂದರ್ಭದ ಆಟವಾದರೆ ಗುಣ ಎಂಬುದೇ ಇಲ್ಲವೇ ಎಂಬ ಸಂಶಯ ಬರಬಹುದು. ಈ ಸಂಶಯ ಮನೋವಿಜ್ಞಾನದಲ್ಲಿಯೂ ಎದ್ದು ಹಲವು ದಶಕ ಚರ್ಚೆಯಾಯಿತು. 1928ರಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಸಾವಿರಾರು ಶಾಲಾಮಕ್ಕಳಿಗೆ ಮೋಸ ಮಾಡಲು, ಸುಳ್ಳು ಹೇಳಲು, ಕದಿಯಲು ಅವಕಾಶವಿರುವ ಸನ್ನಿವೇಶಗಳನ್ನು ಒಡ್ಡಿ ನೋಡಿದಾಗ, ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆಯೂ ಮಾಡುತ್ತದೆ ಎಂದು ಹೇಳಲು ಆಧಾರ ತೀರ ಕಡಿಮೆ ಎಂದು ಕಂಡುಬಂತು. ವಾಲ್ಟರ್ ಮಿಶೆಲ್ 1968ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ಸ್ವಭಾವದ ಅಳತೆಯಿಂದ ಒಂದು ನಿರ್ದಿಷ್ಟ ನಡೆಯನ್ನು ಮೊದಲೇ ಊಹಿಸುವುದು ಎಷ್ಟು ದುರ್ಬಲವಾದ ಕೆಲಸವೆಂದು ವಾದಿಸಿದರು. ಆಮೇಲೆ ಬಂದ ಎರಡು ಉತ್ತರಗಳು ನಮ್ಮ ನಿತ್ಯದ ವ್ಯವಹಾರಕ್ಕೆ ಬಹಳ ಮುಖ್ಯವಾದವು. ಒಂದೇ ಘಟನೆಯಿಂದ ಏನೂ ಊಹಿಸಲಾಗದಿದ್ದರೂ ಅನೇಕ ದಿನಗಳ ಅನೇಕ ಘಟನೆಗಳನ್ನು ಒಟ್ಟುಗೂಡಿಸಿದರೆ ವ್ಯಕ್ತಿಯ ಒಲವು ನಿಚ್ಚಳವಾಗುತ್ತದೆ ಎಂದು 1979ರಲ್ಲಿ ಸೀಮರ್ ಎಪ್‌ಸ್ಟೈನ್ ತೋರಿಸಿದರು. 1995ರಲ್ಲಿ ಸ್ವತಃ ಮಿಶೆಲ್ ಮತ್ತು ಯೂಯಿಚಿ ಶೋಡಾ, ಮನುಷ್ಯನ ಸ್ಥಿರತೆ ‘ಇಂಥ ಸಂದರ್ಭ ಬಂದರೆ ಹೀಗೆ, ಅಂಥದು ಬಂದರೆ ಹಾಗೆ’ ಎಂಬ ವಿನ್ಯಾಸದಲ್ಲಿ ಅಡಗಿದೆ ಎಂಬ ಸಿದ್ಧಾಂತವನ್ನು ಮುಂದಿಟ್ಟರು. ಮಕ್ಕಳ ಬೇಸಿಗೆ ಶಿಬಿರದಲ್ಲಿ ಗಮನಿಸಿದಾಗ, ಒಟ್ಟು ಸಿಟ್ಟು ಒಂದೇ ಪ್ರಮಾಣದಲ್ಲಿದ್ದ ಇಬ್ಬರು ಮಕ್ಕಳಲ್ಲಿ ಒಬ್ಬ ಜೊತೆಯವರು ಕೆಣಕಿದಾಗ, ಇನ್ನೊಬ್ಬ ಹಿರಿಯರು ಎಚ್ಚರಿಸಿದಾಗ ಸಿಡಿಯುತ್ತಿದ್ದರು, ಮತ್ತು ಆ ವ್ಯತ್ಯಾಸ ಮರಳಿ ಮರಳಿ ಕಾಣುತ್ತಿತ್ತು.

ಹಾಗಾದರೆ ಮಾಡಬೇಕಾದದ್ದು ಏನೆಂದರೆ, ವಿಶೇಷಣಗಳನ್ನು ಬಿಟ್ಟು ‘ಬಂದರೆ’ ಎಂಬ ಷರತ್ತಿರುವ ವಾಕ್ಯಗಳಲ್ಲಿ ಮನುಷ್ಯರನ್ನು ವಿವರಿಸಿಕೊಳ್ಳುವುದು. ‘ಭಾವ ಕೋಪಿಷ್ಠ’ ಎನ್ನುವ ಬದಲು ‘ನಾಲ್ಕು ಜನರ ಮುಂದೆ ತಪ್ಪು ತೋರಿಸಿದರೆ ಭಾವ ಸಿಡಿಯುತ್ತಾರೆ, ಒಬ್ಬರೇ ಇರುವಾಗ ಹೇಳಿದರೆ ಒಪ್ಪಿಕೊಳ್ಳುತ್ತಾರೆ’ ಎಂದು ಹೇಳಿಕೊಂಡರೆ ಅವರ ಬಗ್ಗೆ ಹೆಚ್ಚು ಸತ್ಯ ಹೇಳಿದಂತೆಯೂ ಆಯಿತು, ಅವರೊಡನೆ ಬದುಕುವ ದಾರಿಯೂ ತಿಳಿಯಿತು. ಮುಖ್ಯವಾದ ಸಂಬಂಧವಾದರೆ, ಮದುವೆಯೋ ವ್ಯಾಪಾರದ ಪಾಲುದಾರಿಕೆಯೋ ಆದರೆ, ಒಂದು ಪುಸ್ತಕದಲ್ಲಿ ಕಂಡದ್ದನ್ನು ತಾರೀಖಿನೊಡನೆ ಬರೆದಿಡುವುದು ಒಳ್ಳೆಯದು. ನೆನಪು ನಮಗೆ ಬೇಕಾದ ಘಟನೆಗಳನ್ನೇ ಆರಿಸಿಕೊಳ್ಳುತ್ತದೆ, ಬರಹ ಹಾಗೆ ಮಾಡುವುದಿಲ್ಲ. ವರನ ಮನೆಗೆ ಹೋದವರು ಸೋಫಾದ ಮೇಲೆ ಕುಳಿತು ಕೇಳಿದ ಮಾತಿಗಿಂತ, ಆ ಮನೆಯಲ್ಲಿ ಕೆಲಸಕ್ಕೆ ಬರುವ ಹೆಣ್ಣುಮಗಳೊಡನೆ ಹುಡುಗ ಹೇಗೆ ಮಾತನಾಡುತ್ತಾನೆ, ತಾಯಿಯ ಮಾತನ್ನು ಅರ್ಧಕ್ಕೆ ತಡೆಯುತ್ತಾನೆಯೇ, ತನಗೆ ತಿಳಿಯದ ವಿಷಯ ಬಂದಾಗ ತಿಳಿಯದೆಂದು ಹೇಳುತ್ತಾನೆಯೇ ಎಂಬುದನ್ನು ಗಮನಿಸಲಿ. ಯಾರಿಂದ ತನಗೆ ಏನೂ ಆಗಬೇಕಾಗಿಲ್ಲವೋ ಅವರೊಡನೆ, ಮತ್ತು ತನ್ನ ತಪ್ಪು ಬಯಲಾದಾಗ, ಒಬ್ಬರು ನಡೆದುಕೊಳ್ಳುವ ರೀತಿಯಿಂದ ತಿಳಿಯುವಷ್ಟು ಬೇರೆ ಯಾವುದರಿಂದಲೂ ತಿಳಿಯುವುದಿಲ್ಲ ಎಂಬುದು ನನ್ನ ಅನಿಸಿಕೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಮನೆಯೊಳಗೆ ಕೈಮಾಡುವವರ, ಬೆದರಿಸುವವರ ವಿಷಯದಲ್ಲಿ ಹಲವು ಘಟನೆಗಳಿಗಾಗಿ ಕಾಯಬೇಡಿ. ಸಂದರ್ಭವನ್ನು ಅರ್ಥಮಾಡಿಕೊಳ್ಳುವುದು ಬೇರೆ, ಆ ಸಂದರ್ಭದೊಳಗೆ ನೀವೇ ಉಳಿದುಕೊಂಡು ಪೆಟ್ಟು ತಿನ್ನುವುದು ಬೇರೆ. ಮೊದಲು ಸುರಕ್ಷಿತವಾದ ಕಡೆಗೆ ಹೋಗಿ, ವಿಶ್ಲೇಷಣೆಗೆ ಆಮೇಲೆ ಬೇಕಾದಷ್ಟು ಸಮಯವಿರುತ್ತದೆ.

ಅಳತೆಗೆ ಸಿಕ್ಕದ ಗೌರವ

ತತ್ತ್ವಜ್ಞಾನಿ ಸ್ಟೀಫನ್ ಡಾರ್ವಾಲ್ 1977ರಲ್ಲಿ ಎರಡು ಬಗೆಯ ಗೌರವಗಳನ್ನು ಬೇರ್ಪಡಿಸಿದರು. ಒಂದು, ಒಬ್ಬರ ನಡತೆಯನ್ನೋ ಸಾಧನೆಯನ್ನೋ ತೂಗಿ ಕೊಡುವ ಮೆಚ್ಚುಗೆ. ಅದು ಹೆಚ್ಚಾಗಬಹುದು, ಕಡಿಮೆಯೂ ಆಗಬಹುದು. ಇನ್ನೊಂದು, ಎದುರಿಗಿರುವವರು ಮನುಷ್ಯರು ಎಂಬ ಒಂದೇ ಕಾರಣಕ್ಕೆ ಅವರಿಗೆ ಸಲ್ಲಬೇಕಾದದ್ದು. ಅದನ್ನು ಯಾರೂ ಸಂಪಾದಿಸಬೇಕಾಗಿಲ್ಲ, ಯಾರೂ ಕಳೆದುಕೊಳ್ಳುವುದೂ ಇಲ್ಲ. ಅಂಬೇಡ್ಕರರು 1927ರಲ್ಲಿ ಮಹಾಡದ ಚೌಡಾರ್ ಕೆರೆಯ ನೀರಿನ ಹಕ್ಕಿಗಾಗಿ ಸತ್ಯಾಗ್ರಹ ನಡೆಸಿದಾಗ, ಬರಿಯ ನೀರು ಕುಡಿಯುವುದಕ್ಕಾಗಿ ಹೋಗುತ್ತಿಲ್ಲ, ತಾವೂ ಎಲ್ಲರಂತೆ ಮನುಷ್ಯರೆಂಬುದನ್ನು ಸ್ಥಾಪಿಸಲು ಹೋಗುತ್ತಿದ್ದೇವೆ ಎಂದು ಸ್ಪಷ್ಟಪಡಿಸಿದರು. ಅವರು ಕೇಳಿದ್ದು ಈ ಎರಡನೆಯ ಗೌರವವನ್ನು. ಒಬ್ಬರಿಗೆ ಸಾಲ ಕೊಡದಿರಲು ನಿರ್ಧರಿಸುವ ಹಕ್ಕು ನಿಮಗಿದೆ, ಆದರೆ ಅವರನ್ನು ಬಾಗಿಲ ಹೊರಗೆ ನಿಲ್ಲಿಸಿ ಏಕವಚನದಲ್ಲಿ ಮಾತನಾಡಿಸುವ ಹಕ್ಕು ಅದರಿಂದ ಬರುವುದಿಲ್ಲ.

ಇದೇ ಕ್ರಮವನ್ನು ನಮ್ಮ ಮೇಲೆ ಬಳಸುವುದು

ವಿಲಿಯಂ ಜೇಮ್ಸ್ 1890ರಲ್ಲಿ ಆತ್ಮಗೌರವವನ್ನು ಒಂದು ಭಿನ್ನರಾಶಿಯಾಗಿ ಬರೆದರು: ಮೇಲೆ ನಾವು ಪಡೆದ ಯಶಸ್ಸು, ಕೆಳಗೆ ನಾವು ಇಟ್ಟುಕೊಂಡ ನಿರೀಕ್ಷೆ. ಮೇಲಿನದನ್ನು ಹೆಚ್ಚಿಸಿದರೂ ಸರಿ, ಕೆಳಗಿನದನ್ನು ಕಡಿಮೆ ಮಾಡಿದರೂ ಸರಿ, ಫಲ ಏರುತ್ತದೆ ಎಂದು ಅವರು ಹೇಳಿದರು. ಮನೋವಿಜ್ಞಾನವನ್ನೇ ಪಣವಾಗಿ ಒಡ್ಡಿದ ತನಗೆ ಅದರಲ್ಲಿ ಹೆಚ್ಚು ತಿಳಿದವರು ಸಿಕ್ಕರೆ ನೋವಾಗುತ್ತದೆ, ಗ್ರೀಕ್ ಭಾಷೆ ಬಾರದಿದ್ದರೆ ಏನೂ ಅನಿಸುವುದಿಲ್ಲ ಎಂಬುದು ಅವರು ಕೊಟ್ಟ ಉದಾಹರಣೆ. ಹಾಗಾಗಿ ನೀವು ಮೊದಲು ಮಾಡಬೇಕಾದದ್ದು, ನಿಮ್ಮ ಯೋಗ್ಯತೆಯನ್ನು ಯಾವುದರ ಮೇಲೆ ಪಣವಾಗಿ ಇಟ್ಟಿದ್ದೀರಿ ಎಂದು ಕಂಡುಕೊಳ್ಳುವುದು, ಮತ್ತು ಆ ಪಣವನ್ನು ಒಡ್ಡಿದವರು ನೀವೇ ಅಥವಾ ನೆಂಟರೇ ಎಂದು ಕೇಳಿಕೊಳ್ಳುವುದು. ಜೆನಿಫರ್ ಕ್ರಾಕರ್ ಮತ್ತು ಸಂಗಡಿಗರು ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕಿದ ವಿದ್ಯಾರ್ಥಿಗಳನ್ನು ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದಿನ ಮೇಲೆಯೇ ಯೋಗ್ಯತೆಯನ್ನು ನಿಲ್ಲಿಸಿಕೊಂಡವರ ಆತ್ಮಗೌರವ ಪ್ರವೇಶ ಸಿಕ್ಕ ದಿನ ಮತ್ತು ಸಿಗದ ದಿನಗಳಲ್ಲಿ ಉಳಿದವರಿಗಿಂತ ಹೆಚ್ಚು ಏರಿ ಇಳಿಯಿತು. ಪಿಯುಸಿ ಫಲಿತಾಂಶದ ದಿನ ನಮ್ಮ ಮನೆಗಳಲ್ಲಿ ಮಕ್ಕಳ ಮುಖ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇದಕ್ಕೆ ಪರಿಹಾರವಾಗಿ ಹೊಗಳಿಕೆಯನ್ನು ಸೂಚಿಸುವವರಿದ್ದಾರೆ. ಕ್ಯಾಲಿಫೋರ್ನಿಯಾ ರಾಜ್ಯ 1986ರಲ್ಲಿ ಆತ್ಮಗೌರವವನ್ನು ಬೆಳೆಸುವುದಕ್ಕೆಂದೇ ಸರ್ಕಾರಿ ಕಾರ್ಯಪಡೆಯನ್ನು ರಚಿಸಿತು. ಆತ್ಮಗೌರವ ಹೆಚ್ಚಾದರೆ ಶಾಲೆ ಬಿಡುವುದು, ಮಾದಕ ವ್ಯಸನ, ಅಪರಾಧ ಎಲ್ಲವೂ ಇಳಿಯುತ್ತವೆ ಎಂಬ ಆಶೆ ಅದರ ಹಿಂದಿತ್ತು. ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2003ರಲ್ಲಿ ಅಧ್ಯಯನಗಳನ್ನು ಪರಿಶೀಲಿಸಿದಾಗ, ಆತ್ಮಗೌರವಕ್ಕೂ ಸಂತೋಷಕ್ಕೂ ನಂಟಿರುವುದು ಕಂಡರೂ ಅದರಿಂದ ಓದು ಉತ್ತಮಗೊಳ್ಳುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. 2007ರ ಇನ್ನೊಂದು ಪ್ರಯೋಗದಲ್ಲಿ, ಕಡಿಮೆ ಅಂಕ ಪಡೆಯುತ್ತಿದ್ದ ಕಾಲೇಜು ವಿದ್ಯಾರ್ಥಿಗಳಿಗೆ ಆತ್ಮಗೌರವ ಹೆಚ್ಚಿಸುವ ಸಂದೇಶಗಳನ್ನು ಕಳುಹಿಸಿದಾಗ ಅವರ ಅಂಕ ಇನ್ನೂ ಕುಸಿಯಿತು. ಆದ್ದರಿಂದ ನಪಾಸಾದ ಮಗನಿಗೆ ‘ನೀನು ಜಾಣನೇ’ ಎಂದು ಹೇಳುವುದು ‘ನೀನು ದಡ್ಡ’ ಎಂದು ಹೇಳುವಷ್ಟೇ ನಿರುಪಯೋಗಿ. ಎರಡೂ ಇಡೀ ಹುಡುಗನಿಗೆ ಹಾಕಿದ ಅಂಕಗಳು. ‘ಲೆಕ್ಕದಲ್ಲಿ ಕಲನಶಾಸ್ತ್ರದ ಅಧ್ಯಾಯ ಬಂದರೆ ನಿನಗೆ ಕಷ್ಟವಾಗುತ್ತದೆ, ಮುಂದಿನ ಪರೀಕ್ಷೆಗೆ ಅದನ್ನೇ ಮೊದಲು ಹಿಡಿಯೋಣ, ಊಟಕ್ಕೆ ಬಾ’ ಎಂಬ ಮಾತಿನಲ್ಲಿ ತಪ್ಪಿನ ಅಳತೆಯೂ ಇದೆ, ಅಳತೆಗೆ ಸಿಕ್ಕದ ಗೌರವವೂ ಇದೆ. ಆತ್ಮಗೌರವವನ್ನು ಅಳೆಯಲು 1965ರಲ್ಲಿ ಹತ್ತು ವಾಕ್ಯಗಳ ಮಾಪಕವನ್ನು ರೂಪಿಸಿದ ಮಾರಿಸ್ ರೋಸೆನ್‌ಬರ್ಗ್ ಕೂಡ, ತಾನು ಇತರರಿಗಿಂತ ಮೇಲು ಎಂದುಕೊಳ್ಳುವುದನ್ನು ಆತ್ಮಗೌರವವೆಂದು ಎಣಿಸಲಿಲ್ಲ. ತಾನು ಸಾಕಷ್ಟು ಯೋಗ್ಯನೇ ಎಂಬ ಸಮಾಧಾನದ ಭಾವವನ್ನು ಅವರು ಹಾಗೆ ಕರೆದರು.

ಆದರೆ ಕೆಲವು ಕೀಳರಿಮೆಗಳಿಗೆ ಮದ್ದು ಮನಸ್ಸಿನೊಳಗೆ ಸಿಗುವುದಿಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯಿಂದ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದನ್ನು ಹಲವರು ನಗೆಯ ಸುದ್ದಿಯಾಗಿ ಓದಿದರು. ನನಗೆ ಅದನ್ನು ಹಾಗೆ ಓದಲು ಸಾಧ್ಯವಾಗಲಿಲ್ಲ. ಬೇಸಾಯದ ಆದಾಯಕ್ಕೆ ಭದ್ರತೆಯಿಲ್ಲ ಎಂದು ಹೆಣ್ಣಿನ ಮನೆಯವರು ಹಿಂಜರಿಯುವುದಕ್ಕೆ ಕಾರಣಗಳಿವೆ, ಗಂಡುಮಗುವಿನ ಆಸೆಗೆ ಹೆಣ್ಣು ಭ್ರೂಣಗಳನ್ನು ಇಲ್ಲವಾಗಿಸಿದ ಹಿಂದಿನ ಪಾಪದ ಪಾಲೂ ಅದರಲ್ಲಿದೆ. ಆ ಸನ್ನಿವೇಶವನ್ನು ಮೂವತ್ತೈದರ ರೈತನೊಬ್ಬ ತನ್ನ ಕೊರತೆಯೆಂದು ಓದಿಕೊಂಡರೆ ಅದು ಕ್ಯಾಸ್ಟ್ರೊ ಪ್ರಬಂಧವನ್ನು ಓದಿದವರು ಮಾಡಿದ ತಪ್ಪೇ, ತನ್ನ ಮೇಲೆಯೇ ಮಾಡಿಕೊಂಡದ್ದು. ಆತ ತನ್ನ ಜಾಗದಲ್ಲಿ ಬೇರೆ ಹತ್ತು ಜನರಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ತನಗೇ ಕೇಳಿಕೊಳ್ಳಲಿ. ಊರಿನ ಹತ್ತು ಮನೆಗಳಲ್ಲಿಯೇ ಉತ್ತರವಿದೆ. ಅವನಿಗೆ ಬೇಕಾಗಿರುವುದು ಧೈರ್ಯದ ಮಾತಿಗಿಂತ ಬೆಳೆಗೆ ನ್ಯಾಯವಾದ ಬೆಲೆ, ಮತ್ತು ಹುಟ್ಟಿದ ಹೆಣ್ಣುಮಕ್ಕಳನ್ನು ಗೌರವದಿಂದ ಬೆಳೆಸುವ ಊರು.

ಕೇಳಿದವರಿಗೆ ಹೇಳುವಾಗ

ನಾವು ಇನ್ನೊಬ್ಬರನ್ನು ವಿಚಾರಿಸುವಂತೆಯೇ ನಮ್ಮನ್ನೂ ಯಾರಾದರೂ ವಿಚಾರಿಸಲು ಬರುತ್ತಾರೆ: ‘ನಿಮ್ಮ ಬೀದಿಯ ಆ ಹುಡುಗ ಹೇಗೆ ಸಾರ್?’ ಆಗ ಒಳ್ಳೆಯವನು ಅಥವಾ ಕೆಟ್ಟವನು ಎಂದು ತೀರ್ಪು ಕೊಡಬೇಡಿ. ಎಷ್ಟು ವರ್ಷದಿಂದ ಬಲ್ಲಿರಿ, ಯಾವ ವ್ಯವಹಾರದಲ್ಲಿ ಬಲ್ಲಿರಿ, ಕಣ್ಣಾರೆ ಕಂಡದ್ದು ಯಾವುದು, ಇತರರಿಂದ ಕೇಳಿದ್ದು ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಹೇಳಿ. ‘ಮೂರು ವರ್ಷದಿಂದ ಪಕ್ಕದ ಮನೆಯಲ್ಲಿದ್ದಾರೆ, ತಂದೆಗೆ ಕಾಯಿಲೆಯಾದಾಗ ಆಸ್ಪತ್ರೆಗೆ ಓಡಾಡಿದ್ದನ್ನು ನಾನು ನೋಡಿದ್ದೇನೆ, ಹಣದ ವ್ಯವಹಾರ ನಮ್ಮ ನಡುವೆ ನಡೆದಿಲ್ಲ, ಅದನ್ನು ಅವರ ಕೆಲಸದ ಕಡೆ ಕೇಳಿ’ ಎಂಬಷ್ಟು ಹೇಳಿದರೆ ಸಾಕು. ಕಂಡ ದೋಷವನ್ನು ಹೇಳಲೇಬೇಕಾದಾಗ ಅದನ್ನು ಯಾವ ಸಂದರ್ಭದಲ್ಲಿ ಕಂಡಿರಿ ಎಂಬುದನ್ನು ಬಿಡದೆ ಸೇರಿಸಿ, ಮತ್ತು ಅದು ಎಷ್ಟು ಹಳೆಯದೆಂದೂ ತಿಳಿಸಿ.